ಬ್ರಾ ಒಳಗೆ ಕೂರುವ ಬ್ರೆಸ್ಟ್ ಪಂಪ್: ಸಂಶೋಧನೆ, ಡಿಸೈನ್ ಕೆಲಸಕ್ಕೆ ಮರಳುವ ತಾಯಂದಿರಿಗೆ ಎಷ್ಟು ಉಪಯೋಗ?

ವೈರು, ಟ್ಯೂಬು ಯಾವುದೂ ಇಲ್ಲದ ವೇರಬಲ್ ಪಂಪ್‌ಗಳನ್ನು ‘ಕೆಲಸ ಮಾಡುತ್ತಲೇ ಹಾಲು ತೆಗೆಯಿರಿ’ ಎಂದೇ ಮಾರುತ್ತಾರೆ. ಕೋಡ್ ಬರೆಯುವವರಿಗೆ, ಪೇಟೆಂಟ್ ಕರಡು ತಿದ್ದುವವರಿಗೆ ಆ ಮಾತು ಬಹುಮಟ್ಟಿಗೆ ನಿಜ. ಲ್ಯಾಬ್‌ನಲ್ಲಿ ನಿಂತು ಕೆಲಸ ಮಾಡುವವರಿಗೆ ಅಲ್ಲ.

ಮೋಟರ್, ಎಳೆತ ಹುಟ್ಟಿಸುವ ಸಿಲಿಕೋನ್ ಪೊರೆ (ಡಯಾಫ್ರಮ್), ಹಾಲನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್, ಮೊಲೆತೊಟ್ಟಿನ ಮೇಲೆ ಕೂರುವ ಕೊಳವೆಬಾಯಿಯ ಫ್ಲೇಂಜ್, ಹಾಲು ತುಂಬುವ ಕಪ್ ಎಲ್ಲವೂ ವೇರಬಲ್ ಪಂಪಿನಲ್ಲಿ ಒಂದೇ ಗೂಡಿನೊಳಗಿವೆ. ಕಪ್ ಅರ್ಧ ತುಂಬಿದಾಗ ಮೈಕ್ರೋಸ್ಕೋಪ್ ಮೇಲೆ ಬಾಗಿದರೆ ಹಾಲು ಚೆಲ್ಲಬಹುದು. ರಾಸಾಯನಿಕ, ಜೈವಿಕ ಮಾದರಿಗಳಿರುವ ಲ್ಯಾಬ್‌ನಲ್ಲಂತೂ ಇದನ್ನು ಬಳಸಲೇಬೇಡಿ. ಅಲ್ಲಿನ ಫ್ರಿಜ್‌ನಲ್ಲಿ ಹಾಲಿಡುವುದೂ ಕೂಡದು.

‘ಹಾಲೇ ಬರುತ್ತಿಲ್ಲ’ ಎಂಬ ದೂರಿಗೆ ಬಹಳ ಸಲ ಫ್ಲೇಂಜ್ ಅಳತೆಯೇ ಕಾರಣ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 24 ಮಿ.ಮೀ.ನದು ಬರುತ್ತದೆ; ಅನೇಕರಿಗೆ ಅದು ದೊಡ್ಡದು. ಮೊಲೆತೊಟ್ಟಿನ ಬುಡದ ಅಗಲ ಅಳೆದು 1ರಿಂದ 3 ಮಿ.ಮೀ. ಸೇರಿಸಿ. 16 ಇದ್ದರೆ ಫ್ಲೇಂಜ್ ಬಾಯಿಯನ್ನು ಕಿರಿದಾಗಿಸುವ 17 ಅಥವಾ 19ರ ಇನ್ಸರ್ಟ್ ಹಾಕಿ ನೋಡಿ. ದೊಡ್ಡದಾದರೆ ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಒಳಗೆ ಸೆಳೆದುಕೊಂಡು ನೋಯುತ್ತದೆ. ಅಳತೆ ಸರಿಯಿದ್ದೂ ಎಳೆತ ಕುಗ್ಗಿದ್ದರೆ ವಾಲ್ವ್ ನೋಡಿ. ತುದಿಯ ಸೀಳು ಬಾಯಿಬಿಟ್ಟಿದ್ದರೆ ಬದಲಿಸಲೇಬೇಕು. ದಿನಾ ಬಳಸುವವರಿಗೆ ಒಂದೆರಡು ತಿಂಗಳಿಗೊಮ್ಮೆ ಈ ಖರ್ಚು ಇದ್ದದ್ದೇ. ಬ್ರಷ್ ಹಾಕಿ ಉಜ್ಜಿದರೆ ಇನ್ನೂ ಬೇಗ ಹಾಳಾಗುತ್ತದೆ. ಹಾಗಾಗಿ ಬಿಡಿಭಾಗ ಇಲ್ಲಿ ಸಿಗದ ಮಾಡೆಲ್ ಎಷ್ಟೇ ಅಗ್ಗವಾದರೂ ಬೇಡ. ತೊಳೆದ ಡಯಾಫ್ರಮ್ ಪೂರ್ತಿ ಆರಿದ ಮೇಲೆಯೇ ಜೋಡಿಸಿ, ಇಲ್ಲದಿದ್ದರೆ ಮೋಟರ್‌ಗೆ ನೀರು ಸೇರುತ್ತದೆ.

ಮೊದಲ ಎರಡು ನಿಮಿಷ ವೇಗದ, ಹಗುರ ಎಳೆತ. ಹಾಲು ಇಳಿಯತೊಡಗಿದ ಮೇಲೆ ನಿಧಾನದ, ಆಳವಾದ ಎಳೆತ. ಒಟ್ಟು 15ರಿಂದ 20 ನಿಮಿಷ ಸಾಕು. ನೋಯುವಷ್ಟು ಏರಿಸಿದರೆ ಹಾಲು ಇಳಿಯುವುದೇ ಕಡಿಮೆಯಾಗುತ್ತದೆ. ಮೋಟರಿನ ಗುಂಯ್ ಸದ್ದು ಮೈಕ್‌ಗೆ ಕೇಳಿಸುತ್ತದೆ, ಕಾಲ್‌ನಲ್ಲಿದ್ದರೆ ಮ್ಯೂಟ್ ಮಾಡಿ.

ತೆಗೆದ ಹಾಲು 25 ಡಿಗ್ರಿಯೊಳಗೆ 4 ಗಂಟೆ, ಫ್ರಿಜ್‌ನಲ್ಲಿ 4 ದಿನ, ಗಟ್ಟಿ ಹೆಪ್ಪುಗಟ್ಟಿದ ಐಸ್ ಪ್ಯಾಕ್ ಇಟ್ಟ ಕೂಲರ್ ಬ್ಯಾಗ್‌ನಲ್ಲಿ 24 ಗಂಟೆ ಇರುತ್ತದೆ. ಏಪ್ರಿಲ್‌ನಲ್ಲಿ ಬೆಂಗಳೂರಲ್ಲೂ ಆ 4 ಗಂಟೆಯನ್ನು ನಂಬಬೇಡಿ, ತೆಗೆದ ಕೂಡಲೇ ತಂಪಿಗಿಡಿ. ಬೆಚ್ಚಗಿನ ಹಾಲನ್ನು ತಣ್ಣಗಾದ ಹಾಲಿಗೆ ಬೆರೆಸಬೇಡಿ. ಮೊದಲು ಅದೂ ತಣಿಯಲಿ.

ಡೆಸ್ಕ್ ಕೆಲಸದವರು ವೇರಬಲ್ ಕೊಳ್ಳಬಹುದು. ಲ್ಯಾಬಿನವರಿಗೆ ನಮ್ಮ ಸಲಹೆ ಟ್ಯೂಬ್ ಇರುವ ಡಬಲ್ ಎಲೆಕ್ಟ್ರಿಕ್ ಪಂಪ್: ಎರಡೂ ಕಡೆ ಒಟ್ಟಿಗೆ, ಸಾಮಾನ್ಯವಾಗಿ ವೇರಬಲ್‌ಗಿಂತ ಚೆನ್ನಾಗಿ ಖಾಲಿ ಮಾಡುತ್ತದೆ. ಇನ್‌ಕ್ಯುಬೇಷನ್‌ಗೋ ಸಿಮ್ಯುಲೇಷನ್‌ಗೋ ಕಾಯುವ ಹೊತ್ತಿಗೇ, ಲ್ಯಾಬ್‌ನ ಹೊರಗೆ, ಹಾಲು ತೆಗೆಯುವುದನ್ನು ಹೊಂದಿಸಿ, ಕ್ಯಾಲೆಂಡರ್‌ನಲ್ಲಿ ಬ್ಲಾಕ್ ಮಾಡಿಡಿ. ಪ್ರಯೋಗ ಅರ್ಧದಲ್ಲಿದೆಯೆಂದು ಪದೇ ಪದೇ ಮುಂದೂಡಿದರೆ ಹಾಲು ಕಟ್ಟಿ, ಎದೆ ಗಟ್ಟಿಯಾಗಿ, ಜ್ವರವೂ ಬರಬಹುದು. ಮಗುವಿಗೆ 15 ತಿಂಗಳಾಗುವವರೆಗೆ ಊಟದ ವಿರಾಮದ ಹೊರತಾಗಿ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಕಾನೂನಿನಲ್ಲೇ ಇದೆ. ರಜೆ ಮುಗಿಯುವ ಮುನ್ನವೇ ಎಚ್‌ಆರ್‌ಗೆ ಬರೆದು, ಆ ಬಿಡುವಿನ ಜೊತೆಗೆ ಒಳಗಿನಿಂದ ಚಿಲಕ ಹಾಕುವ ಕೋಣೆ, ಪ್ಲಗ್ ಪಾಯಿಂಟ್, ಹತ್ತಿರದಲ್ಲೇ ಸಿಂಕ್ ಕೇಳಿ. ಟಾಯ್ಲೆಟ್ ತೋರಿಸಿದರೆ ಒಪ್ಪಬೇಡಿ.