ಹಾಸನ, ಚಿಕ್ಕಮಗಳೂರಿಗೆ ಯಾವ ಮೊಬೈಲ್ ಪ್ಯಾಕ್ ಲೇಸು: ಮೊದಲು ಟವರ್ ನೋಡಿ, ರೇಟು ಆಮೇಲೆ

ಅರಸೀಕೆರೆಯಲ್ಲಿ 299 ರೂಪಾಯಿ ಕರೆನ್ಸಿ ಹಾಕಿಸಿದವರಿಗೂ ಕಳಸದಲ್ಲಿ ಅದೇ 299 ಹಾಕಿಸಿದವರಿಗೂ ಸಿಗುವುದು ಒಂದೇ ಸರಕಲ್ಲ. ಬಯಲುಸೀಮೆಯ ಕಡೂರು, ಚನ್ನರಾಯಪಟ್ಟಣದಲ್ಲಿ ಯಾವ ಕಂಪನಿಯ ಸಿಮ್ ಹಾಕಿದರೂ ಹೆಚ್ಚುಕಡಿಮೆ ನಡೆಯುತ್ತದೆ. ಅಲ್ಲಿನವರು ನೇರವಾಗಿ ದರ ಹೋಲಿಸಲು ಕೂರಬಹುದು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರ ಲೆಕ್ಕವೇ ಬೇರೆ. ಅಲ್ಲಿ ಒಂದೇ ಎಸ್ಟೇಟಿನ ಬಂಗಲೆಯಲ್ಲಿ ಒಂದು ಕಂಪನಿ ಸಿಕ್ಕರೆ, ಇಳಿಜಾರಿನ ಆಚೆಯ ಲೈನ್ ಮನೆಗಳಲ್ಲಿ ಇನ್ನೊಂದು ಸಿಗುತ್ತದೆ. ಸಿಗ್ನಲ್ ಬಾರದ ಕಡೆ ಹಾಕಿಸಿದ ಅಗ್ಗದ ಪ್ಯಾಕಿನಷ್ಟು ದುಬಾರಿ ಇನ್ನೊಂದಿಲ್ಲ.

ಕಾರಣ ಸರಳ. ಟವರ್ ಬಳಸುವ ತರಂಗದ ಆವರ್ತನ (ಮೆಗಾಹರ್ಟ್ಸ್ ಅಂಕಿ) ಕಡಿಮೆ ಇದ್ದಷ್ಟೂ ಸಿಗ್ನಲ್ ದೂರ ಹೋಗುತ್ತದೆ, ಗೋಡೆ ಮರಗಳನ್ನು ದಾಟುತ್ತದೆ. 700, 850, 900 ಮೆಗಾಹರ್ಟ್ಸ್‌ನವು ಗುಡ್ಡ ಬಳಸಿಕೊಂಡಾದರೂ ಒಂದಿಷ್ಟು ತಲುಪುತ್ತವೆ. 2300 ಬಂದರೆ ಕಷ್ಟ. 5ಜಿಯ ವೇಗವೆಲ್ಲ ಇರುವ 3500 ಮೆಗಾಹರ್ಟ್ಸ್ ಅಂತೂ ಮಳೆಯಲ್ಲಿ ತೊಯ್ದ ಸಿಲ್ವರ್ ಓಕ್ ಸಾಲು ದಾಟುವಷ್ಟರಲ್ಲಿ ಸೊರಗಿರುತ್ತದೆ. ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲೋ ನಿಂತು 5ಜಿ ವೇಗ ಅಳೆದು, ಅದನ್ನೇ ನಂಬಿ ತೋಟದ ಮನೆಗೆ ಪ್ಯಾಕ್ ಆರಿಸಬೇಡಿ.

ಹಾಗಾದರೆ ಅಳೆಯುವುದು ಹೇಗೆ? ಫೋನ್ ತೋರಿಸುವ ಕಡ್ಡಿಗಳನ್ನು ನಂಬುವಂತಿಲ್ಲ. ಒಂದೊಂದು ಫೋನು ಒಂದೊಂದು ರೀತಿ ತೋರಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಎಂದು ಒಳಹೋದರೆ ಸಿಗ್ನಲ್ ಸ್ಟ್ರೆಂತ್ ಎಂಬಲ್ಲಿ ಮೈನಸ್ ಚಿಹ್ನೆಯ ಜೊತೆ ಒಂದು ಡಿಬಿಎಂ (ಸಿಗ್ನಲ್ ಬಲದ ಅಳತೆ) ಅಂಕಿ ಇರುತ್ತದೆ. ಮೈನಸ್ ಆದ್ದರಿಂದ ಅಂಕಿ ಚಿಕ್ಕದಾದಷ್ಟೂ ಸಿಗ್ನಲ್ ಬಲ ಹೆಚ್ಚು. ಹಲವು ಫೋನುಗಳಲ್ಲಿ *#*#4636#*#* ಒತ್ತಿದರೂ ಸಿಗುತ್ತದೆ. ಐಫೋನಿನಲ್ಲಿ *3001#12345#* ಒತ್ತಿ ಕರೆ ಬಟನ್ ಅದುಮಬೇಕು. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಒಳ್ಳೆಯದು, ಮೈನಸ್ 105ರವರೆಗೆ ಸುಧಾರಿಸಬಹುದು. ಮೈನಸ್ 115 ದಾಟಿದರೆ ಮಾತು ತುಂಡಾಗುತ್ತದೆ, ಟವರ್ ಹುಡುಕಿ ಹುಡುಕಿ ಬ್ಯಾಟರಿಯೂ ಬೇಗ ಇಳಿಯುತ್ತದೆ. ಅಂಗಳದಲ್ಲಿ ಒಮ್ಮೆ, ಮಲಗುವ ಕೋಣೆಯಲ್ಲಿ ಒಮ್ಮೆ ನೋಡಿ. ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಇವೆರಡರ ನಡುವೆಯೇ 15–20 ಅಂಕಿ ವ್ಯತ್ಯಾಸ ಬರುವುದುಂಟು. ಇದಕ್ಕಾಗಿ ಹೊಸ ಸಿಮ್ ಕೊಳ್ಳಬೇಕಿಲ್ಲ. ಬೇರೆ ಕಂಪನಿಯ ಸಿಮ್ ಇರುವ ನೆಂಟರು ಮನೆಗೆ ಬಂದಾಗ ಅವರ ಫೋನಿನಲ್ಲೇ ನೋಡಿದರೆ ಸಾಕು. ಕಂಪನಿಗಳು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಸೂಚನೆಯಂತೆ ತಮ್ಮ ವೆಬ್‌ಸೈಟಿನಲ್ಲಿ ಕವರೇಜ್ ನಕ್ಷೆ ಹಾಕಿವೆ. ಅದರಲ್ಲಿ ಬಣ್ಣವೇ ಇಲ್ಲದ ಜಾಗದ ಆಸೆ ಬಿಡಿ. ಬಣ್ಣ ಇದ್ದರೂ ಒಮ್ಮೆ ಅಳೆದೇ ನಂಬಿ.

ಮಲೆನಾಡಿನಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು, ಅದೂ ಕಂಪನಿಯವರನ್ನಲ್ಲ, ಅಕ್ಕಪಕ್ಕದವರನ್ನು: ಕರೆಂಟ್ ಹೋದ ಮೇಲೆ ಆ ಟವರ್ ಎಷ್ಟು ಹೊತ್ತು ಇರುತ್ತದೆ? ಜೂನ್‌ನಿಂದ ಆಗಸ್ಟ್‌ವರೆಗೆ ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಾಗ ಟವರಿನ ಬ್ಯಾಟರಿ ಖಾಲಿಯಾಗುತ್ತದೆ. ಜನರೇಟರಿಗೆ ಡೀಸೆಲ್ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೇಸಿಗೆಯಲ್ಲಿ ಚೆನ್ನಾಗಿದ್ದ ನೆಟ್‌ವರ್ಕ್ ಮಳೆಗಾಲದಲ್ಲಿ ನಾಪತ್ತೆಯಾಗುವುದು ಬಹುಪಾಲು ಇದರಿಂದಲೇ. ಎರಡು ಕಂಪನಿ ಒಂದೇ ಕಂಬದ ಮೇಲೆ ಇದ್ದರೆ ಎರಡೂ ಒಟ್ಟಿಗೆ ಹೋಗಬಹುದು. ಎರಡು ಸಿಮ್ ಇಡುವವರು ಬೇರೆ ಬೇರೆ ಟವರಿನಿಂದ ಬರುವ ಕಂಪನಿಗಳನ್ನು ಹಿಡಿಯುವುದು ಜಾಣತನ.

ಈಗ ದರಕ್ಕೆ ಬರೋಣ. ಇಲ್ಲಿ ಜಿಯೊ, ಏರ್‌ಟೆಲ್‌ನ ಡೇಟಾ ಪ್ಯಾಕುಗಳಿಗೆ 2024ರ ಜುಲೈ ಪರಿಷ್ಕರಣೆಯ ದರವನ್ನೇ ಹಿಡಿದಿದೆ. ಹಾಕಿಸುವ ದಿನ ಕಂಪನಿಯ ಆ್ಯಪ್‌ನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಅಂಕಿ ಬದಲಾದರೂ ಲೆಕ್ಕ ಹಾಕುವ ರೀತಿ ಬದಲಾಗುವುದಿಲ್ಲ: ಪ್ಯಾಕಿನ ಬೆಲೆಯನ್ನು ವ್ಯಾಲಿಡಿಟಿಯ ದಿನಗಳಿಂದ ಭಾಗಿಸಿ. ತಿಂಗಳ ಪ್ಯಾಕ್ ಎಂದು ಕರೆಯುವುದು ನಿಜದಲ್ಲಿ 28 ದಿನದ್ದು. ಹಾಗಾಗಿ ವರ್ಷಕ್ಕೆ 12 ಸಲ ಅಲ್ಲ, 13 ಸಲ ಹಾಕಿಸಬೇಕಾಗುತ್ತದೆ. ಪ್ರತಿ ತಿಂಗಳೂ ಅದೇ ತಾರೀಖಿಗೆ ಬರುವ ಪ್ಯಾಕನ್ನೂ 30 ದಿನದ ಪ್ಯಾಕನ್ನೂ ತಲಾ ಒಂದಾದರೂ ಇಡಬೇಕೆಂದು ಟ್ರಾಯ್ 2022ರಲ್ಲಿ ಆದೇಶಿಸಿದೆ. ಇವೆ, ಆದರೆ ಆ್ಯಪ್‌ನ ಮುಂಬಾಗಿಲಲ್ಲಿ ಕಾಣುವುದಿಲ್ಲ, ಹುಡುಕಬೇಕು.

ಜಿಯೊದಲ್ಲಿ ದಿನಕ್ಕೆ ಒಂದೂವರೆ ಜಿಬಿಯ 28 ದಿನದ ಪ್ಯಾಕ್ 299, 84 ದಿನದ್ದು 799. ಮೊದಲನೆಯದು ದಿನಕ್ಕೆ 10.68 ರೂಪಾಯಿ ಬೀಳುತ್ತದೆ, ಎರಡನೆಯದು 9.51. ವರ್ಷಕ್ಕೆ ಸುಮಾರು 425 ರೂಪಾಯಿ ಉಳಿತಾಯ. ಇನ್ನು 60 ರೂಪಾಯಿ ಸೇರಿಸಿದರೆ 859ಕ್ಕೆ ದಿನಕ್ಕೆ 2 ಜಿಬಿ, ಮೇಲೆ ಮಿತಿಯಿಲ್ಲದ 5ಜಿ. ಅದೇ 859ಕ್ಕೆ ಏರ್‌ಟೆಲ್ ಕೊಡುವುದು 84 ದಿನ, ದಿನಕ್ಕೆ ಒಂದೂವರೆ ಜಿಬಿ. ಅಲ್ಲಿ 2 ಜಿಬಿ, 5ಜಿ ಬೇಕಾದರೆ 979. ಅಂದರೆ ಹಾಸನ ಅಥವಾ ಚಿಕ್ಕಮಗಳೂರು ಪಟ್ಟಣದೊಳಗೆ ಮನೆಯೂ ಕೆಲಸವೂ ಇರುವವರಿಗೆ, ಎರಡೂ ಕಂಪನಿಗಳ ಸಿಗ್ನಲ್ ಸರಿಸಮ ಇದ್ದರೆ, ಜಿಯೊದ 859 ಸ್ಪಷ್ಟವಾಗಿ ಮೇಲು. 5ಜಿ ಫೋನ್ ಇಲ್ಲದಿದ್ದರೆ ಅಥವಾ ಮನೆ ಇರುವ ಕಡೆ 5ಜಿ ಬಾರದಿದ್ದರೆ ಆ 60 ರೂಪಾಯಿಯಿಂದ ಸಿಗುವುದು ದಿನಕ್ಕೆ ಅರ್ಧ ಜಿಬಿ ಹೆಚ್ಚುವರಿ ಮಾತ್ರ. ಅದೂ ನಷ್ಟವೇನಲ್ಲ.

ವರ್ಷದ ಪ್ಯಾಕ್ ಆಕರ್ಷಕವಾಗಿ ಕಾಣುತ್ತದೆ. ಜಿಯೊದ 3599 ದಿನಕ್ಕೆ 9.86 ರೂಪಾಯಿ, ಡೇಟಾ ಎರಡೂವರೆ ಜಿಬಿ. 859ನ್ನೇ ಮತ್ತೆ ಮತ್ತೆ ಹಾಕಿಸುವುದಕ್ಕಿಂತ ವರ್ಷಕ್ಕೆ ನೂರಮೂವತ್ತು ರೂಪಾಯಿಯಷ್ಟು ಉಳಿದೀತು. ಅಷ್ಟಕ್ಕಾಗಿ ಮೂರೂವರೆ ಸಾವಿರ ಒಟ್ಟಿಗೆ ಸುರಿದು ಒಂದೇ ಕಂಪನಿಗೆ ಕಟ್ಟುಬೀಳುವುದು ಮಲೆನಾಡಿನವರಿಗೆ ಹೇಳಿದ್ದಲ್ಲ. ನಡುವೆ ಪೋರ್ಟ್ ಮಾಡಿದರೆ, ಅಂದರೆ ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಿಸಿದರೆ, ಉಳಿದ ದಿನಗಳೂ ಬ್ಯಾಲೆನ್ಸೂ ಹೋದ ಹಾಗೆಯೇ. ಒಂದು ಮಳೆಗಾಲ ಕಳೆದು ಟವರ್ ನಿಂತಿತು ಎಂದಾದ ಮೇಲೆ ಬೇಕಾದರೆ ಯೋಚಿಸಿ.

ನಿಮಗೆ ನಿಜಕ್ಕೂ ಎಷ್ಟು ಡೇಟಾ ಬೇಕು ಎನ್ನುವುದನ್ನು ಅಂಗಡಿಯವರು ಹೇಳಲಾರರು, ಫೋನ್ ಹೇಳುತ್ತದೆ. ಸೆಟ್ಟಿಂಗ್ಸ್‌ನ ಡೇಟಾ ಯೂಸೇಜ್‌ನಲ್ಲಿ ಕಳೆದ ತಿಂಗಳ ಮೊತ್ತ ನೋಡಿ 30ರಿಂದ ಭಾಗಿಸಿ. ಮನೆಯಲ್ಲಿ ಫೈಬರ್ ಇರುವವರ ಮೊಬೈಲ್ ಬಳಕೆ ದಿನಕ್ಕೆ ಅರ್ಧ ಜಿಬಿಯನ್ನೂ ದಾಟದಿರಬಹುದು. ಅಂಥವರು ದಿನಕ್ಕೆ 2 ಜಿಬಿ ಕೊಳ್ಳುವುದು ಸುಮ್ಮನೆ ದಂಡ. ದಿನದ ಕೋಟಾ ಉಳಿದರೆ ಮರುದಿನಕ್ಕೆ ಬರುವುದಿಲ್ಲ ಎಂಬುದನ್ನೂ ಮರೆಯಬೇಡಿ. ಕೋಟಾ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ವಾಟ್ಸಾಪ್‌ನಲ್ಲಿ ಬರಹದ ಮೆಸೇಜ್ ಹೇಗೋ ಹೋದೀತು, ಫೋಟೊ ಹೋಗುವುದಿಲ್ಲ.

ಡೇಟಾವೇ ಬೇಡದವರಿಗೆ ಈಗ ಒಳ್ಳೆಯ ದಾರಿ ಇದೆ. ಕರೆ ಮತ್ತು ಎಸ್‌ಎಂಎಸ್ ಮಾತ್ರದ ಪ್ಯಾಕ್ ಇಡಲೇಬೇಕೆಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ತಂದಿತು, ವಿಶೇಷ ವೋಚರುಗಳ ವ್ಯಾಲಿಡಿಟಿಯ ಮಿತಿಯನ್ನೂ 90 ದಿನದಿಂದ 365ಕ್ಕೆ ಏರಿಸಿತು. ಅದರಿಂದ ಬಂದವು ಏರ್‌ಟೆಲ್‌ನ 469 (84 ದಿನ) ಮತ್ತು 1849 (365 ದಿನ), ಜಿಯೊದ 448 (84 ದಿನ) ಮತ್ತು 1748 (336 ದಿನ). ವರ್ಷದ್ದು ಎಂದುಕೊಂಡು ಜಿಯೊದ 1748 ಹಾಕಿಸಿದವರು ಅದು 336 ದಿನಕ್ಕೇ ಮುಗಿಯುತ್ತದೆ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ. ದಿನದ ಲೆಕ್ಕದಲ್ಲಿ ಏರ್‌ಟೆಲ್‌ನ 1849ಕ್ಕೆ 5.07 ರೂಪಾಯಿ, ಇದಕ್ಕೆ 5.20. ಊರಿನಲ್ಲಿರುವ ಅಜ್ಜ ಅಜ್ಜಿಯ ಫೋನಿಗೆ, ಬ್ಯಾಂಕಿನ ಒಟಿಪಿಗೆಂದು ಇಟ್ಟ ಎರಡನೇ ಸಿಮ್‌ಗೆ ಇದಕ್ಕಿಂತ ಹೆಚ್ಚಿನದು ಬೇಡ. ಒಂದೇ ಎಚ್ಚರಿಕೆ: ಈ ಪ್ಯಾಕ್ ಇರುವ ಸಿಮ್‌ನಲ್ಲಿ ಮೊಬೈಲ್ ಡೇಟಾ ಆಫ್ ಇರಲಿ. ಮೈನ್ ಬ್ಯಾಲೆನ್ಸ್ ಇದ್ದರೆ ಅದರಿಂದ ಎಂಬಿ ಲೆಕ್ಕದಲ್ಲಿ ಕತ್ತರಿಸಿಕೊಂಡು ಹೋಗುತ್ತದೆ.

ಹಿರಿಯರ ಕೀಪ್ಯಾಡ್ ಫೋನ್ ವಿಷಯದಲ್ಲಿ ಇನ್ನೊಂದು ತೊಡಕು. ಹಳೆಯ 2ಜಿ ಫೋನಿನಲ್ಲಿ ಜಿಯೊ ಸಿಮ್ ನಡೆಯುವುದೇ ಇಲ್ಲ, ಆ ಕಂಪನಿಗೆ 2ಜಿ ಇಲ್ಲ. ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ನಡೆಯುತ್ತವೆ. ಜಿಯೊವೇ ಬೇಕಾದರೆ 4ಜಿಯ ಜಿಯೊಭಾರತ್ ಫೋನ್ ಕೊಳ್ಳಬೇಕು. ಅದಕ್ಕೆಂದೇ ಇರುವ 123 ರೂಪಾಯಿಯ ಪ್ಯಾಕಿನಲ್ಲಿ 28 ದಿನ ಕರೆ, 14 ಜಿಬಿ ಡೇಟಾ. ಆ ಪ್ಯಾಕ್ ಬೇರೆ ಫೋನಿಗೆ ಬರುವುದಿಲ್ಲ.

ಬಿಎಸ್‌ಎನ್‌ಎಲ್ ಬಗ್ಗೆ ಊರೂರಲ್ಲಿ ಪ್ರೀತಿಯೂ ಇದೆ, ಬೈಗುಳವೂ ಇದೆ. ಎರಡಕ್ಕೂ ಕಾರಣವಿದೆ. ಉಳಿದ ಮೂವರು 2024ರಲ್ಲಿ ದರ ಏರಿಸಿದಾಗ ಇದು ಏರಿಸಲಿಲ್ಲ. ಆದರೆ ಆಮೇಲೆ ದರ ಮುಟ್ಟದೆ ದಿನ ಕತ್ತರಿಸುತ್ತ ಬಂತು: 107 ರೂಪಾಯಿಯ ಪ್ಯಾಕ್ 35 ದಿನದಿಂದ 28ಕ್ಕೆ ಇಳಿದದ್ದು ಹಾಗೆಯೇ. ಇದರ ಸ್ವದೇಶಿ 4ಜಿ 2025ರ ಸೆಪ್ಟೆಂಬರ್ 27ರಂದು ದೇಶಕ್ಕೆ ಅರ್ಪಣೆಯಾಯಿತು, 700 ಮೆಗಾಹರ್ಟ್ಸ್‌ನಲ್ಲೂ ಓಡುತ್ತದೆ. ಕಾಡಂಚಿನ ಊರಿಗೆ ಹೇಳಿಮಾಡಿಸಿದ ಆವರ್ತನ ಅದು. ನಿಮ್ಮ ಊರಿನ ಟವರ್ 4ಜಿಗೆ ಏರಿದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಏರಿದ್ದರೂ ಆ 700ರ ಸಿಗ್ನಲ್ ಹಿಡಿಯಲು ನಿಮ್ಮ ಫೋನಿನಲ್ಲಿ ಬ್ಯಾಂಡ್ 28 (700 ಮೆಗಾಹರ್ಟ್ಸ್‌ಗೆ ಫೋನಿನ ವಿವರಪಟ್ಟಿಯಲ್ಲಿರುವ ಹೆಸರು) ಇರಬೇಕು. 2ಜಿ, 3ಜಿ ಕಾಲದ ಸಿಮ್ ಇದ್ದರೆ ಗ್ರಾಹಕ ಸೇವಾ ಕೇಂದ್ರದಲ್ಲಿ 4ಜಿ ಸಿಮ್‌ಗೆ ಬದಲಿಸಿಕೊಳ್ಳಬೇಕು. ಇದಿಷ್ಟನ್ನೂ ನೋಡಿಕೊಂಡು ಸಿಗ್ನಲ್ ಬಂದರೆ ಎರಡನೇ ಸಿಮ್ ಆಗಿ ಇದಕ್ಕಿಂತ ಅಗ್ಗದ್ದು ಸಿಗುವುದು ಕಷ್ಟ. ಯುಪಿಐ, ಆಫೀಸ್ ಕೆಲಸ ಎಲ್ಲವನ್ನೂ ಇದೊಂದರ ಮೇಲೆ ಹೇರುವುದು ಈಗಲೇ ಬೇಡ.

ತೋಟದ ಮನೆಗೆ ಫೈಬರ್ ಬಂದಿದ್ದರೆ ಲೆಕ್ಕ ಇನ್ನೂ ಹಗುರ. ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಟವರ್ ಸಿಗದ ಕೋಣೆಯಲ್ಲೂ ಮಾಮೂಲಿ ನಂಬರಿಗೇ ಕರೆ ಬರುತ್ತದೆ. ಏರ್‌ಟೆಲ್, ಜಿಯೊ ಎರಡರಲ್ಲೂ ಇದಕ್ಕೆ ಬೇರೆ ಹಣವಿಲ್ಲ. ಆಗ ದಿನಕ್ಕೆ ಐದು ರೂಪಾಯಿಯ ಕರೆ ಪ್ಯಾಕೇ ಸಾಕು. ಕೆಡುವುದು ಎಲ್ಲಿ ಎಂದರೆ, ಕರೆಂಟ್ ಹೋದೊಡನೆ ರೌಟರ್ ಆರುತ್ತದೆ, ಅದರ ಜೊತೆ ಕರೆಯೂ. ರೌಟರಿನ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದಿದ್ದರೆ ಅದೇ ವೋಲ್ಟೇಜಿನ ಮಿನಿ ಯುಪಿಎಸ್ ಸಿಗುತ್ತದೆ. ಆಂಪಿಯರ್ ಕೂಡ ಹೊಂದಬೇಕು, ಕಡಿಮೆ ಆದರೆ ರೌಟರ್ ಪದೇಪದೇ ರೀಸ್ಟಾರ್ಟ್ ಆಗುತ್ತದೆ.

ಮನೆಯಲ್ಲಿ ನಾಲ್ಕು ಫೋನ್ ಇರುವವರಿಗೆ ಪೋಸ್ಟ್‌ಪೇಯ್ಡ್ ಕುಟುಂಬ ಪ್ಯಾಕ್ ತೋರಿಸುತ್ತಾರೆ. ಜಿಯೊದ 449ಕ್ಕೆ ತಲಾ 150ರಂತೆ ಮೂರು ಸಿಮ್ ಸೇರಿಸಿದರೆ 899. ಜಾಹೀರಾತಿನಲ್ಲಿ ಸಣ್ಣ ಅಕ್ಷರದಲ್ಲಿರುವ ಶೇ. 18 ಜಿಎಸ್‌ಟಿ ಸೇರಿದರೆ 1060 ದಾಟುತ್ತದೆ. ಪ್ರೀಪೇಯ್ಡ್ ದರದಲ್ಲಿ ತೆರಿಗೆ ಮೊದಲೇ ಸೇರಿರುತ್ತದೆ, ನಾಲ್ಕು 299 ಎಂದರೆ 1196. ಉಳಿಯುವುದು ನೂರಮೂವತ್ತು ಚಿಲ್ಲರೆ, ಆದರೆ ಡೇಟಾ ನಾಲ್ವರಿಗೂ ಸೇರಿ ತೊಂಬತ್ತು ಜಿಬಿ ಮಾತ್ರ, ಪ್ರೀಪೇಯ್ಡ್‌ನಲ್ಲಿ 168. ಕಾಲೇಜಿನ ಮಕ್ಕಳಿರುವ ಮನೆಗೆ ಇದು ಒಗ್ಗುವುದಿಲ್ಲ.

ಕಂಪನಿ ಬದಲಿಸಲು ನಿರ್ಧರಿಸಿದರೆ ನಂಬರ್ ಬಿಡಬೇಕಿಲ್ಲ. ಮೆಸೇಜಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ಹತ್ತಂಕಿಯ ನಂಬರ್ ಹಾಕಿ 1900ಕ್ಕೆ ಕಳಿಸಿ. ಎಂಟು ಅಕ್ಷರ–ಅಂಕಿಗಳ ಒಂದು ಕೋಡ್ ಬರುತ್ತದೆ, ನಾಲ್ಕು ದಿನ ಮಾತ್ರ ನಡೆಯುತ್ತದೆ. ಅಷ್ಟರೊಳಗೆ ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಕರ್ನಾಟಕದೊಳಗೆ ಮೂರು ಕೆಲಸದ ದಿನಗಳಲ್ಲಿ ಮುಗಿಯುತ್ತದೆ, ಬೇರೆ ರಾಜ್ಯದ ವಲಯದಿಂದಾದರೆ ಐದು. ಕೋಡ್ ಬಾರದಿರಲು ಸಾಮಾನ್ಯ ಕಾರಣಗಳು: ಈಗಿನ ಕಂಪನಿಗೆ ಬಂದು 90 ದಿನ ತುಂಬಿಲ್ಲ, ಪೋಸ್ಟ್‌ಪೇಯ್ಡ್ ಬಿಲ್ ಬಾಕಿ ಇದೆ, ಅಥವಾ ಏಳು ದಿನದೊಳಗೆ ಸಿಮ್ ಬದಲಿಸಿದ್ದೀರಿ. ಕೊನೆಯದು 2024ರ ಜುಲೈ 1ರಿಂದ ಬಂದ ನಿಯಮ, ವಂಚನೆ ತಡೆಗೆ. ಹಳೆಯ ಸಿಮ್ ಸತ್ತು ಹೊಸದು ಏಳುವ ನಡುವೆ ಕೆಲ ಗಂಟೆ ಫೋನ್ ಸ್ತಬ್ಧ. ಒಟಿಪಿ ಬೇಕಾದ ಕೆಲಸ ಅಂದು ಇಟ್ಟುಕೊಳ್ಳಬೇಡಿ.

ಮೈನ್ ಬ್ಯಾಲೆನ್ಸ್‌ನಲ್ಲಿ 20 ರೂಪಾಯಿ ಇದ್ದರೆ ಸಿಮ್ ಜೀವಂತ ಎಂಬ ಸುದ್ದಿ ವಾಟ್ಸಾಪ್‌ನಲ್ಲಿ ಸುತ್ತುತ್ತಿರುತ್ತದೆ. ಅರ್ಧ ನಿಜ. 90 ದಿನ ಬಳಸದಿದ್ದರೂ 20 ರೂಪಾಯಿ ಕಡಿತ ಮಾಡಿಕೊಂಡು ಇನ್ನೂ 30 ದಿನ ನಂಬರ್ ಉಳಿಸಬೇಕೆಂಬ ನಿಯಮ ಇದೆ. ಉಳಿಯುವುದು ನಂಬರ್ ಅಷ್ಟೇ, ಕರೆ ಸೌಲಭ್ಯವಲ್ಲ. ಪ್ಯಾಕ್ ಮುಗಿದೊಡನೆ ಹೊರಹೋಗುವ ಕರೆ ನಿಲ್ಲುತ್ತದೆ, ಕೆಲ ದಿನಗಳಲ್ಲಿ ಒಳಬರುವುದೂ ನಿಲ್ಲಬಹುದು.

ರಸ್ತೆ ಬದಿ ಛತ್ರಿ ಹಾಕಿ ಸಿಮ್ ಮಾರುವವರ ಬಳಿ ಪೋರ್ಟ್ ಮಾಡಿಸುವುದಾದರೆ, ಬೆರಳಚ್ಚು ಸರಿಯಾಗಿ ಬರಲಿಲ್ಲ ಎಂದು ಎರಡನೇ ಸಲ ಒತ್ತಲು ಹೇಳಿದಾಗ ಮೊದಲ ಪ್ರಯತ್ನ ವಿಫಲವಾದದ್ದನ್ನು ಅವರ ಪರದೆಯಲ್ಲೇ ನೋಡಿ. ನಿಮ್ಮ ಹೆಸರಿನಲ್ಲಿ ಇನ್ನೊಂದು ಸಿಮ್ ಏಳುವುದು ಅಲ್ಲಿಯೇ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿರುವ ನಂಬರುಗಳೆಲ್ಲ ಕಾಣುತ್ತವೆ. ಗೊತ್ತಿಲ್ಲದ ನಂಬರ್ ಇದ್ದರೆ ‘ನನ್ನದಲ್ಲ’ ಎಂದು ಅಲ್ಲೇ ದೂರು ಹಾಕಬಹುದು.