ಎಣ್ಣೆ ತೇಲುವ ನೀರಿನ ಸಿಒಡಿ ರಿಪೋರ್ಟ್: ನಂಬುವ ಮುನ್ನ ಇಷ್ಟು ನೋಡಿ

ಒಂದೇ ಕ್ಯಾನಿನ ತ್ಯಾಜ್ಯನೀರು, ಎರಡು ಬಾಟಲಿ, ಒಂದೇ ಲ್ಯಾಬ್. ಒಂದರ ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಸುಡಲು ಬೇಕಾದ ಆಮ್ಲಜನಕದ ಅಳತೆ) ಲೀಟರಿಗೆ 400 ಮಿ.ಗ್ರಾಂ ಆಸುಪಾಸು, ಇನ್ನೊಂದರದ್ದು 1,100 ದಾಟಿತ್ತು. ದೊಡ್ಡ ಅಂಕಿ ನೋಡಿ ಗಾಬರಿಬಿದ್ದು ಕೊಳೆ ತಳಕ್ಕಿಳಿಸುವ ಆಲಮ್ (ಪಟಿಕ) ಡೋಸ್ ಏರಿಸಿದ್ದಕ್ಕೆ ಸಿಕ್ಕಿದ್ದು ಹೆಚ್ಚುವರಿ ಸ್ಲಡ್ಜ್ (ಕೆಸರು) ಮಾತ್ರ.

ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಪರೀಕ್ಷೆಯ ಪುಟ್ಟ ಗಾಜಿನ ಕೊಳವೆಗೆ, ಅಂದರೆ ವಯಲ್‌ಗೆ, ಹೋಗುವುದು 2 ಮಿ.ಲೀ. ನೀರು. ಒಂದು ಮಿ.ಮೀ. ಅಗಲದ ಎಣ್ಣೆಹನಿ ಸುಮಾರು 0.45 ಮಿ.ಗ್ರಾಂ ತೂಗುತ್ತದೆ. ಖನಿಜ ತೈಲದ ಪ್ರತಿ ಗ್ರಾಂಗೆ ಸುಮಾರು 3.4 ಗ್ರಾಂ ಆಮ್ಲಜನಕ ಬೇಕು. ಅಂದರೆ ಪಿಪೆಟ್‌ನೊಳಗೆ ಅಂಥದ್ದೊಂದು ಹನಿ ನುಸುಳಿದರೆ ಸಾಕು, ರಿಪೋರ್ಟ್‌ನಲ್ಲಿ 750ಕ್ಕೂ ಹೆಚ್ಚು ಸೇರಿಕೊಳ್ಳುತ್ತದೆ. ಹನಿ ಪಿಪೆಟ್ ಗೋಡೆಗೇ ಅಂಟಿ ಉಳಿದರೆ ಇದರ ಉಲ್ಟಾ.

‘ನಮ್ಮ ಸ್ಟ್ಯಾಂಡರ್ಡ್ (ಸಿಒಡಿ ಎಷ್ಟೆಂದು ಮೊದಲೇ ಗೊತ್ತಿರುವ ದ್ರಾವಣ) ಸರಿಯಾಗಿ ಬಂದಿದೆ’ ಎಂದು ಲ್ಯಾಬ್‌ನವರು ಹೇಳುತ್ತಾರೆ. ಬರುತ್ತದೆ, ಬರದೆ ಏನು! ಲೀಟರಿಗೆ 425 ಮಿ.ಗ್ರಾಂ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ಹಾಕಿದರೆ 500 ಸಿಒಡಿ ಬರಲೇಬೇಕು. ಆದರೆ ಅದು ನೀರಲ್ಲಿ ಪೂರ್ತಿ ಕರಗುವ ವಸ್ತು. ಕೊಳೆಯನ್ನು ಸುಡುವ ಡೈಕ್ರೋಮೇಟ್, 150 ಡಿಗ್ರಿ ಕಾವು, ಎರಡು ಗಂಟೆ, ಎಲ್ಲ ಸರಿಯಿದೆ ಎಂಬುದಕ್ಕೆ ಅದು ಸಾಕ್ಷಿ. ಸ್ಯಾಂಪಲ್ ತೆಗೆದ ರೀತಿಗಲ್ಲ.

ಹಾಗಾಗಿ ಸ್ಯಾಂಪಲ್ಲನ್ನು ಬ್ಲೆಂಡರ್‌ನಲ್ಲಿ ಚೆನ್ನಾಗಿ ಒಡೆಸಿ, ಮ್ಯಾಗ್ನೆಟಿಕ್ ಸ್ಟರರ್ ತಿರುಗುತ್ತಿರುವಾಗಲೇ ಅಗಲ ಬಾಯಿಯ ಪಿಪೆಟ್‌ನಿಂದ ತೆಗೆಯಲು ಹೇಳಿ. ಎಣ್ಣೆ ಬೆರೆಯಲಿ ಎಂದು ಸೋಪು ಹಾಕಿಬಿಟ್ಟೀರಿ, ಅದೂ ಸಿಒಡಿಯೇ. ಕನಿಷ್ಠ ಮೂರು ವಯಲ್ ಓಡಿಸಿ ಮೂರೂ ಅಂಕಿ ಕೇಳಿ. ಸರಾಸರಿ ಒಂದನ್ನೇ ಕೊಟ್ಟರೆ ಒಪ್ಪಬೇಡಿ. ಮೂರೂ ದಿಕ್ಕಾಪಾಲಾಗಿದ್ದರೆ ವಯಲ್ ಬದಲು ಫ್ಲಾಸ್ಕ್‌ನಲ್ಲಿ ಕುದಿಸುವ, 50 ಮಿ.ಲೀ. ಹಿಡಿಯುವ ಓಪನ್ ರಿಫ್ಲಕ್ಸ್ ವಿಧಾನವೇ ವಾಸಿ. ಸೋಸಿ ಅಳೆದಿದ್ದರೆ ಅದು ಕರಗಿದ ಭಾಗದ ಸಿಒಡಿ ಅಷ್ಟೇ, ರಿಪೋರ್ಟ್‌ನಲ್ಲಿ ಹಾಗೆಂದು ಬರೆದಿರಬೇಕು.

ಸಿಒಡಿ ಬದಲು ಟಿಒಸಿ (ನೀರಿನಲ್ಲಿರುವ ಒಟ್ಟು ಸಾವಯವ ಇಂಗಾಲ) ಅಳೆಯುವ ಯಂತ್ರಕ್ಕೆ ಹೋದರೆ ಬೇರೆ ತೊಡಕು. ಆಮ್ಲ ಹಾಕಿ ಗಾಳಿ ಹಾಯಿಸಿ ಕಾರ್ಬೊನೇಟ್ ಓಡಿಸುವಾಗ ಟಾಲೂಯಿನ್‌ನಂಥ ಹಾರುವ ಹೈಡ್ರೋಕಾರ್ಬನ್‌ಗಳೂ ಜತೆಗೇ ಹೋಗುತ್ತವೆ, ಅಂಕಿ ಕಮ್ಮಿ ಬರುತ್ತದೆ. ಕೊಳವೆಯೊಳಗೆ ಅಂಟಿದ ಎಣ್ಣೆ ಮುಂದಿನ ಸ್ಯಾಂಪಲ್ಲಿನ ಲೆಕ್ಕಕ್ಕೆ ಸೇರುತ್ತದೆ. ಜಿಡ್ಡಿನ ಸ್ಯಾಂಪಲ್ ಆದಮೇಲೆ ಬ್ಲ್ಯಾಂಕ್ (ಬರೀ ಶುದ್ಧ ನೀರು) ಓಡಿಸಿದ್ದಾರೋ ಇಲ್ಲವೋ ಕೇಳಿ. 254 ನ್ಯಾನೋಮೀಟರಿನ ನೇರಳಾತೀತ ಬೆಳಕು ಹಾಯಿಸಿ ಕೊಳೆ ಅಂದಾಜಿಸುವ ಯುವಿ ಸೆನ್ಸರ್‌ಗಂತೂ ನೇರ ಸರಪಳಿಯ ತೈಲ ಕಾಣುವುದೇ ಇಲ್ಲ.

ಎಣ್ಣೆ-ಜಿಡ್ಡಿನ ಪರೀಕ್ಷೆಯನ್ನೂ ಪ್ರತ್ಯೇಕವಾಗಿ ಮಾಡಿಸಿ. ಅದಕ್ಕೆ ಅಗಲ ಬಾಯಿಯ ಗಾಜಿನ ಬಾಟಲಿಯೇ ಬೇಕು, ಪ್ಲಾಸ್ಟಿಕ್ ಬೇಡ. ಬಾಟಲಿಯನ್ನು ಅದೇ ನೀರಿನಿಂದ ತೊಳೆದು ತುಂಬಬೇಡಿ, ಗಾಜಿಗೆ ಅಂಟಿದ ಎಣ್ಣೆ ಉಳಿದುಬಿಡುತ್ತದೆ. ಪಿಎಚ್ 2ಕ್ಕಿಂತ ಕೆಳಗಿಳಿಸಿ ತಂಪಿನಲ್ಲಿ ಕಳಿಸಿ. ಲ್ಯಾಬ್‌ನವರು ಇಡೀ ಬಾಟಲಿಯನ್ನು ಬಳಸಬೇಕು, ಖಾಲಿಯಾದ ಬಾಟಲಿಯನ್ನೂ ಎಣ್ಣೆ ಕರಗಿಸುವ ಹೆಕ್ಸೇನ್‌ನಿಂದ ತೊಳೆದು ಅದನ್ನೇ ಸೇರಿಸಬೇಕು. ಅರ್ಧ ಬಾಟಲಿ ಸುರಿದು ಮಾಡಿದ್ದಾರೆಂದು ಗೊತ್ತಾದರೆ ಆ ರಿಪೋರ್ಟ್ ವಾಪಸ್ ಕೊಡಿ.