ಅಡಿಕೆ ಸುಲಿಯುವ ಹೊಸ ಯಂತ್ರ: ಪೇಟೆಂಟೋ, ವಿನ್ಯಾಸ ನೋಂದಣಿಯೋ, ಗುಟ್ಟೋ?

ಶಿರಸಿ ಕಡೆ ಹೊಸ ಯಂತ್ರ ಕಟ್ಟಿದವರು ಮೊದಲು ಕೇಳಿಕೊಳ್ಳಬೇಕಾದ್ದು, ಹೊಸತನ ಎಲ್ಲಿದೆ ಎಂದು.

ಬ್ಲೇಡು, ರೋಲರಿನ ಕೆಲಸದಲ್ಲಿದ್ದರೆ ಪೇಟೆಂಟ್: ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆಯವರು ನಕಲು ಮಾಡುವಂತಿಲ್ಲ. ವ್ಯಕ್ತಿಗೆ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿ, ಕಚೇರಿ ಅದನ್ನು ಪರೀಕ್ಷಿಸಲು 4,000. ವಕೀಲರ ಖರ್ಚು ಬೇರೆ. ಯಂತ್ರ ಇನ್ನೂ ಪಕ್ಕಾ ಆಗಿಲ್ಲವೇ? ತಾತ್ಕಾಲಿಕ ವಿವರಣೆ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಿ. ಅರ್ಜಿ ಹಾಕುವ ಮೊದಲೇ ಕೃಷಿ ಮೇಳದಲ್ಲಿ ಓಡಿಸಿ ತೋರಿಸಿದರೆ ಸಾಮಾನ್ಯವಾಗಿ ಹೊಸತನವೇ ಕೈತಪ್ಪುತ್ತದೆ. ಎಡವುವುದು ಇಲ್ಲೇ.

ವಿನ್ಯಾಸ ನೋಂದಣಿ ಅಗ್ಗ. ರಕ್ಷಣೆ 10 ವರ್ಷ, ವಿಸ್ತರಿಸಿದರೆ ಮೇಲೆ 5. ಆದರೆ ಕಾಯುವುದು ಹೊರರೂಪವನ್ನಷ್ಟೇ.

ಗುಟ್ಟಾಗಿ ಇಟ್ಟುಕೊಳ್ಳಲು ಶುಲ್ಕವಿಲ್ಲ. ಯಂತ್ರಕ್ಕೆ ಒಗ್ಗದು, ಕೊಂಡವರು ಸ್ಪ್ಯಾನರ್ ಹಿಡಿದು ಬಿಚ್ಚಿದರೆ ಮುಗಿಯಿತು. ಚೊಗರಿನ (ಅಡಿಕೆ ಬೇಯಿಸಿ ಉಳಿದ ಕಂದು ರಸ) ಹದದಂಥ, ಮಾಲು ನೋಡಿ ಪತ್ತೆ ಹಚ್ಚಲಾಗದ ವಿಧಾನಕ್ಕೆ ಸರಿ. ತಲೆಮಾರಿನ ತಿಳಿವಳಿಕೆಗಂತೂ ಪೇಟೆಂಟ್ ಸಿಗದು.